ಟೇಪ್ ಟೀಚರಮ್ಮನ ಅಳತೆ ಪುಸ್ತಕ

ಟೇಪ್ ಟೀಚರು ಶಾಲೆಗೆ ಮೊದಲ ಸಲ ಬಂದದ್ದು ಒಂದು ಸೋಮವಾರ. ಗಂಟೆಯಜ್ಜಿ ಎರಡನೆಯ ಪೀರಿಯಡ್ಡಿನ ಗಂಟೆ ಹೊಡೆದು ಸುತ್ತಿಗೆಯನ್ನು ಇನ್ನೂ ಮೊಳೆಗೆ ತೂಗುಹಾಕಿರಲಿಲ್ಲ. ಗೇಟಿನ ಮುಂದೆ ಒಂದು ಸಾಮಾನಿನ ಗಾಡಿ ಬಂದು ನಿಂತಿತು. ಅದರಿಂದ ಮೊದಲು ಇಳಿದದ್ದು ಒಂದು ಹೊಲಿಗೆ ಯಂತ್ರ. ಅದರ ಹಿಂದೆ ನಲವತ್ತು ದಾಟಿದ ಒಬ್ಬ ಹೆಂಗಸು, ಕೊರಳಿಗೆ ಹಳದಿ ಬಣ್ಣದ ಅಳತೆ ಟೇಪು ಹಾಕಿಕೊಂಡು.

“ಅಜ್ಜಿ, ಇದನ್ನ ಒಂದು ಕಡೆ ಹಿಡ್ಕೊತೀರಾ? ಕಾಲು ಸಡಿಲ ಇದೆ.”

“ಯಾರ ಕಾಲಮ್ಮ?”

“ನಂದಲ್ಲ, ಮಿಷಿನ್ನಿಂದು.”

ಇಬ್ಬರೂ ಅದನ್ನು ಹೊತ್ತು ವರಾಂಡದ ಕೊನೆಯ ಕೋಣೆಗೆ ತಂದರು. ಅದು ಅಲ್ಲಿಯವರೆಗೆ ಮುರಿದ ಬೆಂಚು ತುಂಬುವ ಕೋಣೆಯಾಗಿತ್ತು. ಅಜ್ಜಿ ಪೊರಕೆ ತರಲು ಹೋಗಿ ಬರುವಷ್ಟರಲ್ಲಿ ಹೊಸ ಟೀಚರು ಒಂದು ಬೆಂಚಿನ ಮೇಲೆ ಹತ್ತಿ ನಿಂತು ಕಿಟಕಿ ಅಳೆಯುತ್ತಿದ್ದರು. ನೆಲದಲ್ಲಿ ಬೆರಳುದ್ದ ಧೂಳು. ಗುಡಿಸುವುದು ಬಿಟ್ಟು ಕಿಟಕಿ ಅಳೆಯುವುದು ಯಾವ ಊರಿನ ಲೆಕ್ಕ ಎಂದು ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳು ಊಟದ ಬಿಡುವಿನ ಹೊತ್ತಿಗೆ ‘ಟೇಪ್ ಟೀಚರ್’ ಎಂದು ಹೆಸರಿಟ್ಟೇಬಿಟ್ಟಿದ್ದರು.

ಗಂಟೆಯಜ್ಜಿಗೆ ಆಗ ಅರವತ್ತೆಂಟು. ಗಂಡ ಇದ್ದಾಗ ಶಾಲೆಯ ಗಂಟೆ ಅವನ ಕೈಯಲ್ಲಿತ್ತು. ಅವನು ಹೋದ ಮೇಲೆ ಸುತ್ತಿಗೆಯೂ ಬೀಗದ ಕೈ ಗೊಂಚಲೂ ಇವಳಿಗೆ ಬಂದವು. ಅಂಕಿ ಚೆನ್ನಾಗಿ ಬರುತ್ತಿತ್ತು, ಗಡಿಯಾರ ತಪ್ಪುತ್ತಿರಲಿಲ್ಲ. ಅಕ್ಷರ ಮಾತ್ರ ಒಂದೊಂದೇ ಕೂಡಿಸಿ ಓದಬೇಕು. ಗಂಟೆ ತೂಗುತ್ತಿದ್ದದ್ದು ಆ ಕೊನೆಯ ಕೋಣೆಯ ಬಾಗಿಲ ಪಕ್ಕದಲ್ಲೇ, ಅಜ್ಜಿಯ ಸ್ಟೂಲು ಅದರ ಕೆಳಗೆ. ಆದ್ದರಿಂದ ಕೋಣೆಯ ಒಳಗೆ ಆಡಿದ ಮಾತು ಬೇಕೆಂದರೂ ಬೇಡವೆಂದರೂ ಅಜ್ಜಿಯ ಕಿವಿಗೆ ಬೀಳುತ್ತಿತ್ತು. ಹಾಗೆ ಕೇಳಿಸಿಕೊಂಡೇ ಮೂರು ವರ್ಷ ಕಳೆಯಿತು.

ಆ ಶಾಲೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತು. ಹೊಲಿಗೆ, ಕಂಪ್ಯೂಟರ್, ಚಿತ್ರಕಲೆ, ವೈರಿಂಗ್, ತೋಟಗಾರಿಕೆ, ಲೆಕ್ಕಪತ್ರ, ಹೀಗೆ ಆರು. ಮುಂದೆ ಯಾವ ಓದು, ಯಾವ ಕೆಲಸ ಎನ್ನುವುದಕ್ಕೆ ಅದೇ ಮೊದಲ ಹೆಜ್ಜೆ ಎಂದು ಹೆಡ್‌ಮಾಸ್ಟರು ಪ್ರತಿ ವರ್ಷ ಭಾಷಣ ಮಾಡುತ್ತಿದ್ದರು. ಭಾಷಣ ಮುಗಿದ ಮೇಲೆ ಗುಮಾಸ್ತರು ತರಗತಿಗೆ ಹೋಗಿ, ಮುಂದಿನ ಎರಡು ಸಾಲು ಕಂಪ್ಯೂಟರಿಗೆ, ಕಿಟಕಿ ಕಡೆಯವರು ಚಿತ್ರಕಲೆಗೆ ಎಂದು ಬೆಂಚು ಲೆಕ್ಕದಲ್ಲಿ ಹಂಚಿ ಬರುತ್ತಿದ್ದರು. ಒಂದು ನಿಯಮ ಮಾತ್ರ ಗಟ್ಟಿಯಾಗಿತ್ತು: ಹನ್ನೆರಡು ಮಕ್ಕಳು ಸೇರದಿದ್ದರೆ ಆ ವರ್ಷ ಆ ವಿಷಯ ಇಲ್ಲ. ವಿಷಯ ಇಲ್ಲದಿದ್ದರೆ ಅದರ ಟೀಚರೂ ಇಲ್ಲ.

ಟೇಪ್ ಟೀಚರಿಗೆ ಮೊದಲ ವರ್ಷ ಹತ್ತೊಂಬತ್ತು ಮಕ್ಕಳು ಸಿಕ್ಕಿದರು, ಬೆಂಚು ಲೆಕ್ಕದಲ್ಲೇ.

ಎರಡನೆಯ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಮಕ್ಕಳ ಆಸಕ್ತಿ ಏನು, ಮುಂದೆ ಯಾವ ಕೆಲಸಕ್ಕೆ ಹೋಗುವ ಮನಸ್ಸಿದೆ ಎಂದು ಕೇಳಿ, ಅದಕ್ಕೆ ಹೊಂದುವ ವಿಷಯ ಆರಿಸಲು ಸಹಾಯ ಮಾಡಬೇಕಂತೆ. ಹೆಡ್‌ಮಾಸ್ಟರು ಆ ಕಾಗದ ಹಿಡಿದು ನೇರವಾಗಿ ಹೊಲಿಗೆ ಕೋಣೆಗೇ ಬಂದರು.

“ನಿಮಗೆ ಪೀರಿಯಡ್ ಕಡಿಮೆ ಅಲ್ವಾ ಟೀಚರ್. ಇದನ್ನ ನೀವೇ ನೋಡ್ಕೊಂಡುಬಿಡಿ.”

“ಸಾರ್, ನನಗೆ ಬಟ್ಟೆ ಅಳೆಯೋದು ಗೊತ್ತು. ಮಕ್ಕಳ ಆಸಕ್ತಿ ಹೇಗೆ ಅಳೆಯೋದು?”

“ಅದೇ ಟೇಪಲ್ಲಿ,” ಎಂದು ನಗುತ್ತ ಹೆಡ್‌ಮಾಸ್ಟರು ಹೊರಟುಹೋದರು.

ಅವರು ತಮಾಷೆಗೆ ಅಂದದ್ದನ್ನು ಟೀಚರು ನಿಜವಾಗಿಯೂ ತಲೆಗೆ ಹಾಕಿಕೊಂಡರು. ದರ್ಜಿ ಅಂಗಡಿಗಳಲ್ಲಿ ಗಿರಾಕಿಗೊಂದು ಪುಟದಂತೆ ಅಳತೆ ಬರೆದಿಡುವ ಉದ್ದನೆಯ ಪುಸ್ತಕ ಇರುತ್ತದಲ್ಲ, ಅಂಥದ್ದೊಂದನ್ನು ತಂದರು. ಮಗುವಿಗೊಂದು ಪುಟ. ಎದೆ, ಸೊಂಟ, ತೋಳು ಎಂದು ಬರೆಯುವ ಜಾಗದಲ್ಲಿ ನಾಲ್ಕು ಪ್ರಶ್ನೆ. ಯಾರೂ ಹೇಳದಿದ್ದರೂ ಮಾಡುವುದು ಏನು. ಹೇಳಿದರೂ ಮಾಡದಿರುವುದು ಏನು. ಕೆಟ್ಟುಹೋದರೆ ಮತ್ತೆ ಕೂತು ಮಾಡುವುದು ಏನು. ನೀನು ಹೇಳುವ ಕೆಲಸ ಮಾಡುವವರನ್ನು ಹತ್ತಿರದಿಂದ ನೋಡಿದ್ದೀಯಾ. ಇಷ್ಟೇ. ಎಂಟನೆಯ ತರಗತಿ ಮುಗಿಸಿ ಬಂದ ಎಂಬತ್ತನಾಲ್ಕು ಮಕ್ಕಳು ಒಬ್ಬೊಬ್ಬರಾಗಿ ಆ ಕೋಣೆಗೆ ಬರತೊಡಗಿದರು.

“ಮುಂದೆ ಏನಾಗ್ತೀಯಪ್ಪ?”

“ಪೈಲಟ್.”

“ವಿಮಾನ ಹತ್ತಿರದಿಂದ ನೋಡಿದ್ದೀಯಾ?”

“ಇಲ್ಲ ಟೀಚರ್.”

“ಮತ್ಯಾಕೆ ಪೈಲಟ್?”

“ಟೋಪಿ ಚೆನ್ನಾಗಿರತ್ತೆ.”

ಹೊರಗೆ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಟೀಚರು ನಗಲಿಲ್ಲ. ಪುಸ್ತಕದಲ್ಲಿ ‘ಟೋಪಿ’ ಎಂದು ಬರೆದುಕೊಂಡರು. ಆಮೇಲೆ ಕೇಳುತ್ತ ಹೋದರೆ, ಆ ಹುಡುಗ ಲೆಕ್ಕದ ಪುಸ್ತಕದ ಅಂಚಿನಲ್ಲೆಲ್ಲ ಪೊಲೀಸರ, ಅಡುಗೆಯವರ, ಬ್ಯಾಂಡಿನವರ ಟೋಪಿ ಬರೆಯುತ್ತಾನೆ, ಅಳಿಸಿ ಅಳಿಸಿ ಬರೆಯುತ್ತಾನೆ ಎಂದು ಗೊತ್ತಾಯಿತು. ಅವನು ಚಿತ್ರಕಲೆಗೆ ಹೋದ.

ಇನ್ನೊಂದು ದಿನ ಒಬ್ಬ ಅಪ್ಪ ಮಗನ ರಟ್ಟೆ ಹಿಡಿದು ತಂದು ನಿಲ್ಲಿಸಿದ. “ಯಾವುದ್ರಲ್ಲಿ ಮಾರ್ಕ್ಸ್ ಜಾಸ್ತಿ ಬೀಳತ್ತೋ ಅದಕ್ಕೆ ಹಾಕಿ ಟೀಚರ್.”

“ಮಗೂಗೆ ಏನಿಷ್ಟ?”

“ಮಗೂಗೆ ನಿದ್ದೆ ಇಷ್ಟ. ಅದಕ್ಕೆ ಕ್ಲಾಸ್ ಇದ್ಯಾ?”

ಅಜ್ಜಿಗೆ ಈ ಇಷ್ಟದ ವಿಚಾರವೇ ತಲೆಗೆ ಹುಳ ಬಿಟ್ಟ ಹಾಗಾಗಿತ್ತು. ಅವಳ ಕಾಲದಲ್ಲಿ ಯಾರೂ ಯಾರನ್ನೂ ನಿನಗೇನಿಷ್ಟ ಎಂದು ಕೇಳಿದವರಲ್ಲ. ಗಂಟೆ ಹೊಡೆಯುವುದು ಅವಳಿಗೆ ಇಷ್ಟವೋ ಅಲ್ಲವೋ? ಒಂದು ಮಧ್ಯಾಹ್ನ ಚಹಾ ಕುಡಿಯುವಾಗ ಅವಳು ಟೀಚರನ್ನೇ ಕೇಳಿದಳು.

“ಅಲ್ಲ ಟೀಚರಮ್ಮ, ಇಷ್ಟ ಅಂದ್ರೆ ಏನು? ದಿನಾ ಮಾಡ್ತಾ ಮಾಡ್ತಾ ರೂಢಿ ಆಗತ್ತಲ್ಲ, ಅದೇನಾ?”

ಟೀಚರು ಲೋಟವನ್ನು ಕೆಳಗಿಟ್ಟರು. “ಅದೇ ನನಗೂ ಗೊತ್ತಾಗಲ್ಲ ಅಜ್ಜಿ,” ಎಂದರು.

ಆಮೇಲೆ ತಮ್ಮ ಕಥೆ ಹೇಳಿದರು. ಅವರ ಅಪ್ಪ ದರ್ಜಿ. ಒಂದೇ ಕೋಣೆಯ ಅಂಗಡಿ, ಎರಡು ಯಂತ್ರ. ಇವರಿಗೆ ಹದಿನಾಲ್ಕು ವರ್ಷವಾದಾಗ ಶಾಲೆಯಿಂದ ಇಂಥದ್ದೇ ಒಂದು ಅರ್ಜಿ ಬಂದಿತ್ತು. ಇವರಿಗೆ ನಕ್ಷೆ ಎಂದರೆ ಪ್ರಾಣ. ಹಳೆಯ ಭೂಪಟಗಳನ್ನು ಗೆರೆ ತಪ್ಪದೆ ನಕಲು ಮಾಡುತ್ತಿದ್ದರಂತೆ. ಅರ್ಜಿ ತುಂಬಿದ್ದು ಅಪ್ಪ. ‘ಹೊಲಿಗೆ’ ಎಂದು ಬರೆದು, ಎರಡನೆಯ ಯಂತ್ರ ಖಾಲಿ ಇದೆ ನೋಡು ಎಂದರಂತೆ. ಅಪ್ಪ ಕೆಟ್ಟವರಲ್ಲ. ಕೆಲಸವನ್ನು ಚೆನ್ನಾಗಿಯೇ ಕಲಿಸಿದರು. ಈಗ ಟೀಚರು ತಮ್ಮ ಅಕ್ಕನ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಅಕ್ಕನಿಗೆ ಮೊಣಕಾಲು ನೋವು. ಮನೆ ನಡೆಯುವುದು ಈ ನೌಕರಿಯಿಂದಲೇ.

“ಬಟ್ಟೆ ಕತ್ತರಿಸೋವಾಗ ಕೈ ತಾನಾಗೇ ಓಡತ್ತೆ ಅಜ್ಜಿ. ಮನಸ್ಸಿಗೆ ಹಿತವಾಗೂ ಇರತ್ತೆ. ಆದ್ರೆ ಅದು ಇಷ್ಟವೋ, ಇಪ್ಪತ್ತೆಂಟು ವರ್ಷದ ರೂಢಿಯೋ, ನಾನು ಯಾರನ್ನ ಕೇಳಲಿ? ಅದಕ್ಕೇ ಈ ಮಕ್ಕಳ ಪುಟ ತುಂಬೋವಾಗ ಭಯ ಆಗತ್ತೆ.”

ಆ ಗಾಯಕ್ಕೆ ಉಪ್ಪು ಸವರಿದ್ದು ಕಂಪ್ಯೂಟರ್ ಮೇಷ್ಟ್ರು. ಅವರು ಮಾತಿನ ಮಲ್ಲ, ಒಳಗೆ ಏನೂ ಇಟ್ಟುಕೊಂಡವರಲ್ಲ. ಒಂದು ದಿನ ವರಾಂಡದಲ್ಲಿ ಹಾದುಹೋಗುತ್ತ ಎಲ್ಲರ ಎದುರು ಹೇಳಿದರು: “ಅಂಗಡಿಯವರ ಕೈಗೇ ತಕ್ಕಡಿ ಕೊಟ್ಟಿದಾರಲ್ಲ ನಮ್ಮ ಹೆಡ್‌ಮಾಸ್ಟರು! ಏನ್ ಟೀಚರ್, ಈ ಸಲ ಹೊಲಿಗೆಗೆ ಮೂವತ್ತಾ ನಲವತ್ತಾ?”

ಟೀಚರೂ ಎಲ್ಲರ ಜೊತೆ ನಕ್ಕರು. ಒಳಗೆ ಹೋಗಿ ಕೂತ ಮೇಲೆ ನಗು ಎಲ್ಲಿ ಹೋಯಿತೋ.

ಅಂದಿನಿಂದ ಒಂದು ವಿಚಿತ್ರ ಶುರುವಾಯಿತು. ಅದನ್ನು ಮೊದಲು ಕಂಡವಳು ಅಜ್ಜಿ. ಏಕೆಂದರೆ ಹೊತ್ತು ನೋಡುವುದೇ ಅವಳ ಕೆಲಸ. ಕಂಪ್ಯೂಟರ್ ಬೇಕು ಎಂದು ಒಳಗೆ ಹೋದ ಮಗು ಎಂಟು ನಿಮಿಷಕ್ಕೆ ಹೊರಗೆ ಬರುತ್ತಿತ್ತು. ತೋಟಗಾರಿಕೆಗೆ ಹತ್ತು. ಹೊಲಿಗೆ ಬೇಕು ಎಂದವರು ಮಾತ್ರ ಒಳಗೆ ಹೋದರೆ ಒಂದು ಪೀರಿಯಡ್ ಮುಗಿದು ಗಂಟೆ ಹೊಡೆದರೂ ಹೊರಗಿಲ್ಲ. ನಿಜವಾಗ್ಲೂ ಬೇಕಾ, ಅಮ್ಮ ಹೇಳಿದ್ರಾ, ಗೆಳತಿ ತಗೊಂಡ್ಲು ಅಂತಾನಾ, ನನ್ನ ಮುಖ ನೋಡಿ ಹೇಳ್ತಿದ್ದೀಯಾ, ಸುಲಭ ಅಂತಾನಾ, ಹೀಗೆ ಟೀಚರು ಹಿಂಜಿ ಹಿಂಜಿ ಕೇಳುತ್ತಿದ್ದರು. ಒಬ್ಬ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ಅಜ್ಜಿಯ ಸ್ಟೂಲಿನ ಪಕ್ಕ ಕುಕ್ಕರಿಸಿದಳು.

“ಅಜ್ಜಿ, ಹೊಲಿಗೆ ಕೇಳಿದ್ದಕ್ಕೆ ಏನೋ ಕದ್ದಿರೋಳ ತರಾ ವಿಚಾರಿಸ್ತಾರೆ. ನಂಗೆ ಬೇಡ. ಕಂಪ್ಯೂಟರ್ ಅಂತ ಬರೆಸ್ಕೊಂಡೆ.”

ಆ ವರ್ಷ ಹೊಲಿಗೆಗೆ ಹದಿನಾಲ್ಕು ಜನ ಉಳಿದರು. ಅಜ್ಜಿ ಮನಸ್ಸು ತಡೆಯದೆ ಒಂದು ದಿನ ಹೇಳಿಯೇಬಿಟ್ಟಳು: “ಟೀಚರಮ್ಮ, ಬೇರೆಯವ್ರಿಗೆ ಎಂಟು ನಿಮಿಷ, ನಿಮ್ಮ ಹೊಲಿಗೆಯವ್ರಿಗೆ ನಲವತ್ತು ನಿಮಿಷ. ಇದ್ಯಾವ ನ್ಯಾಯ?”

“ನಿಮ್ಮ ಗಡಿಯಾರ ಮುಂದಿದೆ ಅಜ್ಜಿ.”

“ಗಡಿಯಾರ ಒಬ್ಬರಿಗೆ ಮುಂದೆ, ಇನ್ನೊಬ್ಬರಿಗೆ ಹಿಂದೆ ಓಡತ್ತಾ?”

ಟೀಚರು ಸೂಜಿ ಕೈಗೆತ್ತಿಕೊಂಡರು. ಸೂಜಿಗೆ ದಾರ ಪೋಣಿಸುವುದರಲ್ಲೇ ಮುಳುಗಿದವರ ಹಾಗೆ ಕೂತರು. ದಾರ ಆಗಲೇ ಪೋಣಿಸಿ ಆಗಿತ್ತು.

ಮೂರನೆಯ ವರ್ಷ ಬಂದವಳು ಬಸ್ ಡ್ರೈವರ್ ಮಗಳು.

ಉದ್ದಕ್ಕೆ ಬೆಳೆದ, ಮಾತು ಕಡಿಮೆಯ ಹುಡುಗಿ. ಎಂಟನೆಯ ತರಗತಿಯಲ್ಲಿದ್ದಾಗಲೇ ಊಟದ ಬಿಡುವಿನಲ್ಲಿ ಹೊಲಿಗೆ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಳಗೆ ಬಾ ಎಂದರೆ ಬರುತ್ತಿದ್ದಳು, ಯಾಕೆ ಬಂದೆ ಎಂದರೆ ಸುಮ್ಮನೆ ಎನ್ನುತ್ತಿದ್ದಳು. ಒಂದು ದಿನ ಟೀಚರು ಕಚೇರಿಗೆ ಹೋಗಿದ್ದಾಗ, ಯಾರೋ ಮಕ್ಕಳು ತುಳಿದು ತುಳಿದು ಯಂತ್ರದ ಕೆಳಗೆ ದಾರವೆಲ್ಲ ಗಂಟುಬಿದ್ದು ಗಾಲಿ ತಿರುಗದೆ ನಿಂತಿತು. ಮಕ್ಕಳು ಹೆದರಿ ಓಡಿಹೋದರು. ಈ ಹುಡುಗಿ ಮಾತ್ರ ನೆಲದ ಮೇಲೆ ಕೂತು, ಅಲ್ಲೇ ಇದ್ದ ಕತ್ತರಿಯ ತುದಿಯಿಂದ ತಿರುಪು ಬಿಚ್ಚಿದಳು. ಒಳಗಿನ ಸಣ್ಣ ಸಣ್ಣ ಭಾಗಗಳನ್ನು ಕರವಸ್ತ್ರದ ಮೇಲೆ ಸಾಲಾಗಿ ಇಟ್ಟುಕೊಂಡಳು.

ಅಜ್ಜಿ ಸ್ಟೂಲಿನಿಂದ ಎದ್ದು ಬಾಗಿಲಿಗೆ ಬಂದಳು. “ಏ ಹುಡುಗಿ, ಅದು ಟೀಚರ ಸ್ವಂತದ್ದು! ಬಿಚ್ಚಿಹಾಕಿ ಕೂತಿದ್ದೀಯಲ್ಲ!”

“ಹಾಕ್ತೀನಿ ಅಜ್ಜಿ. ಸ್ವಲ್ಪ ಸುಮ್ನಿರಿ, ಎಣಿಸ್ತಾ ಇದ್ದೀನಿ.”

ಟೀಚರು ಬರುವಷ್ಟರಲ್ಲಿ ಗಾಲಿ ತಿರುಗುತ್ತಿತ್ತು, ಮೊದಲಿಗಿಂತ ಹಗುರಾಗಿ. ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ ಹುಡುಗಿ, “ಯಾರೂ ಇಲ್ಲ. ಬಿಚ್ಚಿದ್ದನ್ನೇ ಹಿಂದಿಂದ ಮುಂದಕ್ಕೆ ಹಾಕ್ದೆ,” ಎಂದಳು.

ಅಂದಿನಿಂದ ಅವಳು ದಿನವೂ ಬರತೊಡಗಿದಳು. ಚಿಂದಿ ಬಟ್ಟೆ ತೆಗೆದುಕೊಂಡು ಉದ್ದಕ್ಕೂ ಹೊಲಿಯುತ್ತಿದ್ದಳು. ಅಂಗಿಯಲ್ಲ, ಚೀಲವಲ್ಲ, ಬರೀ ಗೆರೆ. ಟೀಚರು ಮೇಜಿನಲ್ಲಿ ತಮ್ಮ ಕೆಲಸ ಮಾಡುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಆದರೆ ಆ ಅರ್ಧ ಗಂಟೆ ಟೀಚರ ಮುಖದಲ್ಲಿ ಒಂದು ನಿರಾಳ ಇರುತ್ತಿತ್ತು ಎಂಬುದು ಅಜ್ಜಿಗೆ ಮಾತ್ರ ಗೊತ್ತು.

ಅರ್ಜಿ ಹಾಕುವ ವಾರ ಬಂತು. ಶನಿವಾರ ನಾಲ್ಕು ಗಂಟೆಗೆ ಕೊನೆ. ಗುರುವಾರದ ಹೊತ್ತಿಗೆ ಹೊಲಿಗೆಗೆ ಹನ್ನೊಂದು ಹೆಸರು. ಶುಕ್ರವಾರ ಬೆಳಿಗ್ಗೆ ಡ್ರೈವರ್ ಮಗಳ ಸರದಿ. ಅಜ್ಜಿ ಅಂದು ಸ್ಟೂಲನ್ನು ಒಂದು ಗೇಣು ಬಾಗಿಲ ಕಡೆ ಎಳೆದುಕೊಂಡು ಕೂತಳು. ಹನ್ನೆರಡನೆಯವಳು ಇವಳೇ, ಇನ್ನೇನು ಯೋಚನೆ, ಎಂದು ಅವಳ ಲೆಕ್ಕ.

“ಯಾವ ವಿಷಯ ಬೇಕಮ್ಮ?”

“ಹೊಲಿಗೆ.”

“ಯಾರೂ ಹೇಳದಿದ್ರೂ ನೀನು ಏನು ಮಾಡ್ತೀಯ?”

“ಇಲ್ಲಿಗೆ ಬರ್ತೀನಿ.”

“ಬಂದು?”

“ಮಿಷಿನ್ ಓಡಿಸ್ತೀನಿ.”

“ಅಂಗಿ ಹೊಲೀಬೇಕು, ಫ್ರಾಕ್ ಹೊಲೀಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ?”

“ಹೊಲಿ ಅಂದ್ರೆ ಹೊಲೀತೀನಿ ಟೀಚರ್.”

“ಅದಲ್ಲ ನಾನು ಕೇಳಿದ್ದು. ಮನೇಲಿ ಏನು ಮಾಡ್ತೀಯ?”

“ಅಪ್ಪ ಬಸ್ಸಿನ ಹಾರ್ನ್ ರಿಪೇರಿ ಮಾಡೋವಾಗ ಟಾರ್ಚ್ ಹಿಡೀತೀನಿ. ಒಂದೊಂದ್ಸಲ ನಾನೇ ಮಾಡ್ತೀನಿ.”

“ಹಾಗಾದ್ರೆ ನಿನಗೆ ವೈರಿಂಗ್ ಸರಿ ಹೋಗತ್ತೆ ಅಲ್ವಾ?”

“ಅಲ್ಲಿ ಬರೀ ಹುಡುಗರು.”

“ಇದ್ರೆ ಇರ್ಲಿ. ಕಚ್ತಾರಾ?”

“ಅಲ್ಲಿ ನೀವಿರಲ್ವಲ್ಲ ಟೀಚರ್.”

ಅಜ್ಜಿ ಗಡಿಯಾರ ನೋಡಿದಳು. ಗಂಟೆ ಹೊಡೆಯಲು ಆರು ನಿಮಿಷ. ಟೀಚರು ಪುಸ್ತಕವನ್ನು ಹತ್ತಿರ ಎಳೆದುಕೊಂಡ ಸದ್ದಾಯಿತು. “ಮುಂದೆ ಏನಾಗ್ಬೇಕು ಅಂತಿದ್ದೀಯ, ಅದನ್ನ ಹೇಳು.”

“ಗೊತ್ತಿಲ್ಲ. ಈ ಕೋಣೇಲಿ ಕೂತಿದ್ರೆ ಹೇಗಿರತ್ತೋ ಹಾಗಿರೋ ಯಾವುದಾದ್ರೂ ಕೆಲಸ.”

ಪುಸ್ತಕದಲ್ಲಿ ಅದನ್ನು ಯಾವ ಪ್ರಶ್ನೆಯ ಕೆಳಗೆ ಬರೆಯಬೇಕೋ ಟೀಚರಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ. ಪೆನ್ನಿನ ಸದ್ದು ಬರಲಿಲ್ಲ. “ಅಪ್ಪನ್ನ ಕೇಳಿ ನಾಳೆ ಅರ್ಜಿ ತಗೊಂಡು ಬಾ. ವೈರಿಂಗ್ ಬಗ್ಗೆ ಒಂದ್ಸಲ ಯೋಚಿಸು,” ಎಂದು ಕಳಿಸಿದರು.

ಹುಡುಗಿ ಹೊರಗೆ ಬಂದು ಕಣ್ಣು ಪಿಳಿಪಿಳಿ ಬಿಡುತ್ತ ನಿಂತಳು. “ಅಜ್ಜಿ, ನಾನು ಪಾಸಾ ಫೇಲಾ?”

“ನಂಗೇನು ಗೊತ್ತು ಮಗಾ. ನನ್ನ ಕೆಲಸ ಗಂಟೆ ಹೊಡೆಯೋದು.”

ಅಂದು ಸಂಜೆ ಹೆಡ್‌ಮಾಸ್ಟರು ಹೊಲಿಗೆ ಕೋಣೆಗೆ ಬಂದರು. ಕೂರಲಿಲ್ಲ, ಬಾಗಿಲಲ್ಲೇ ನಿಂತು ದನಿ ತಗ್ಗಿಸಿದರು. “ಟೀಚರ್, ಹನ್ನೊಂದೇ ಆಗಿದೆ. ನಿಯಮ ನನ್ನ ಕೈಯಲ್ಲಿಲ್ಲ, ನಿಮಗೆ ಗೊತ್ತು. ಒಂದು ಹೆಸರು ಸಾಕು. ಯಾವುದಾದ್ರೂ ಒಂದು ಮಗೂನ ಈ ಕಡೆ ಸರಿಸಿಬಿಡಿ, ಯಾರೂ ಕೇಳಲ್ಲ.”

“ಬರೋ ಮಗು ಬರತ್ತೆ ಸಾರ್.”

“ಬರದಿದ್ರೆ?”

“ನೋಡೋಣ.”

ಹೆಡ್‌ಮಾಸ್ಟರು ಹೋಗುವಾಗ ಅಜ್ಜಿಯ ಮುಖ ನೋಡಿ, ನೀವಾದ್ರೂ ಬುದ್ಧಿ ಹೇಳಿ ಎನ್ನುವಂತೆ ಕೈ ಆಡಿಸಿದರು. ಅಜ್ಜಿ ಏನು ಬುದ್ಧಿ ಹೇಳಿಯಾಳು? ಒಂದು ಮನಸ್ಸು, ಆ ಹುಡುಗಿ ಬಾಯಿ ಬಿಟ್ಟು ಹೊಲಿಗೆ ಅಂತ ಕೇಳಿದ್ದಾಳಲ್ಲ, ಕೊಟ್ಟರೆ ಇಬ್ಬರೂ ಉಳಿಯುತ್ತಾರೆ ಎನ್ನುತ್ತಿತ್ತು. ಇನ್ನೊಂದು ಮನಸ್ಸು ಕರವಸ್ತ್ರದ ಮೇಲೆ ಸಾಲಾಗಿ ಇಟ್ಟ ಆ ಭಾಗಗಳನ್ನೇ ಕಾಣುತ್ತಿತ್ತು. ಯಾವ ಮನಸ್ಸು ಸರಿ? ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಬಂದಾಗಲೂ ಅವಳಿಗೆ ಬಗೆಹರಿದಿರಲಿಲ್ಲ.

ಶನಿವಾರ ಮೂರೂ ಮುಕ್ಕಾಲಿಗೆ ಹುಡುಗಿ ಓಡುತ್ತ ಬಂದಳು. ಟೀಚರು ಒಳಗಿದ್ದರು. ಅವಳು ಒಳಗೆ ಹೋಗದೆ ಅಜ್ಜಿಯ ಕೈಗೆ ಅರ್ಜಿ ಕೊಟ್ಟಳು.

“ಅಪ್ಪ ಸೈನ್ ಹಾಕಿದ್ರು. ವಿಷಯ ಮಾತ್ರ ಬರ್ದಿಲ್ಲ. ಟೀಚರಿಗೇ ಗೊತ್ತಿರತ್ತೆ, ಅವರೇ ಬರೀಲಿ ಅಂದ್ರು. ಯೋಚಿಸಿ ಯೋಚಿಸಿ ನನ್ನ ತಲೇನೂ ಕೆಟ್ಟು ಹೋಗಿದೆ ಅಜ್ಜಿ. ಹೊಲಿಗೆ ಅಂದ್ಕೋತೀನಿ, ಟೀಚರ್ ಹೇಳಿದ್ದು ನೆನಪಾಗತ್ತೆ. ವೈರಿಂಗ್ ಅಂದ್ಕೋತೀನಿ, ಅಳು ಬರತ್ತೆ. ನೀವೇ ಹೇಳಿ, ಏನು ಬರೀಲಿ?”

“ನಾನು ಹೇಳೋದಾ? ನನ್ನ ಹೆಸರು ಬರೆಯೋಕೇ ನಂಗೆ ಅರ್ಧ ದಿನ ಬೇಕು. ಒಳಗೆ ಹೋಗು ಮಗಾ.”

“ಊಹೂಂ. ಟೀಚರ ಮುಖ ನೋಡಿದ್ರೆ ಹೊಲಿಗೆ ಅಂತಾನೇ ಬಾಯಿಗೆ ಬರತ್ತೆ,” ಎಂದವಳೇ ಮೈದಾನದ ಕಡೆ ಓಡಿದಳು.

ಅಜ್ಜಿ ಕಾಗದ ಹಿಡಿದು ಒಳಗೆ ಹೋದಳು. ಹುಡುಗಿ ಹೇಳಿದ್ದನ್ನು ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಒಪ್ಪಿಸಿದಳು. ಕೊನೆಯ ಮಾತನ್ನೂ. ಟೀಚರು ಅರ್ಜಿಯನ್ನು ಮೇಜಿನ ಮೇಲೆ ಹರಡಿ, ಎರಡು ಅಂಗೈಗಳಿಂದ ಮಡಿಕೆ ಸವರಿ ಸವರಿ ನೇರ ಮಾಡಿದರು. ಕತ್ತರಿಸುವ ಮೊದಲು ಬಟ್ಟೆಯನ್ನು ಸವರುವ ಹಾಗೆ. ಪೆನ್ನು ಎತ್ತಿದರು, ಇಟ್ಟರು. ಮತ್ತೆ ಎತ್ತಿದರು.

“ಕೇಳಿದ್ರಾ ಅಜ್ಜಿ? ನನ್ನ ಮುಖ ನೋಡಿದ್ರೆ ಹೊಲಿಗೆ ಅಂತ ಬರತ್ತಂತೆ.”

“ಮುಖ ನೋಡಿ ಬಂದ್ರೂ ಬಂದದ್ದು ಬಂದದ್ದೇ ಅಲ್ವಾ ಟೀಚರಮ್ಮ?”

ಟೀಚರು ಬರೆದರು. ಮೂರೇ ಅಕ್ಷರ. ಅಜ್ಜಿ ತಲೆಕೆಳಗಾಗಿಯೇ ಕೂಡಿಸಿ ಓದಿದಳು: ವೈ, ರಿಂ, ಗ್. ಮತ್ತೊಮ್ಮೆ ಓದಿದಳು. ಅದೇ ಇತ್ತು.

“ಡಬ್ಬಿಗೆ ಹಾಕಿಬಿಡಿ ಅಜ್ಜಿ.”

“ಟೀಚರಮ್ಮ, ಹನ್ನೊಂದೇ ಉಳೀತಲ್ಲ.”

“ನನಗೂ ಎಣಿಸೋಕೆ ಬರತ್ತೆ!” ಟೀಚರು ಆ ಮೂರು ವರ್ಷದಲ್ಲಿ ಅಜ್ಜಿಯ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಮರುಕ್ಷಣವೇ ಎದ್ದು ಬಂದು ಅಜ್ಜಿಯ ತೋಳು ಹಿಡಿದುಕೊಂಡರು. “ತಪ್ಪಾಯ್ತು. ಹೋಗಿ, ಹೊತ್ತಾಯ್ತು.”

ಅಜ್ಜಿ ಕಚೇರಿಯ ಡಬ್ಬಿಗೆ ಅರ್ಜಿ ಹಾಕಿ ಬಂದು ನಾಲ್ಕರ ಗಂಟೆ ಹೊಡೆದಳು. ಒಂದು ಏಟು ಹೆಚ್ಚು ಬಿತ್ತೋ ಕಡಿಮೆ ಬಿತ್ತೋ ಅವಳಿಗೇ ಗೊತ್ತಾಗಲಿಲ್ಲ. ಅಷ್ಟು ವರ್ಷದಲ್ಲಿ ಹಾಗಾದದ್ದು ಇಲ್ಲ.

ಸೋಮವಾರ ಫಲಕದ ಮೇಲೆ ಚೀಟಿ ಬಿತ್ತು: ಈ ವರ್ಷ ಹೊಲಿಗೆ ಇಲ್ಲ. ಅದಕ್ಕಿಂತ ಕಷ್ಟದ್ದು ಆಮೇಲೆ ಬಂತು. ಹೊಲಿಗೆ ಕೇಳಿದ್ದ ಹನ್ನೊಂದು ಮಕ್ಕಳಿಗೆ ಬೇರೆ ವಿಷಯ ಆರಿಸಿಕೊಡಬೇಕಲ್ಲ? ಆ ಕೆಲಸವೂ ಟೇಪ್ ಟೀಚರದ್ದೇ. ಅವರು ಅದೇ ಪುಸ್ತಕ ತೆರೆದು, ಅದೇ ಹನ್ನೊಂದು ಪುಟ ತಿರುಗಿಸಿ, ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡು ಮತ್ತೆ ಅವೇ ನಾಲ್ಕು ಪ್ರಶ್ನೆ ಕೇಳಿದರು. ಯಾರನ್ನೂ ಆತುರದಿಂದ ಕಳಿಸಲಿಲ್ಲ. ಒಂದು ಮಗು, “ನೀವು ಬೇರೆ ಶಾಲೇಲಿ ಹೊಲಿಗೆ ಹೇಳಿಕೊಡ್ತೀರಾ ಟೀಚರ್? ನಾನೂ ಅಲ್ಲಿಗೇ ಬರ್ತೀನಿ,” ಎಂದಿತು. ಟೀಚರು, “ಇಲ್ಲ ಪುಟ್ಟಿ, ಅಲ್ಲಿ ನನಗೆ ಆಫೀಸಿನ ಕಾಗದ ನೋಡೋ ಕೆಲಸ,” ಎಂದರು. ಅವರಿಗೆ ಊರಿನ ಆಚೆ ತುದಿಯ ಶಾಲೆಯ ಕಚೇರಿಗೆ ವರ್ಗವಾಗಿತ್ತು. ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು.

ಹೋಗುವ ಮೊದಲು ಹದಿನೈದು ದಿನ ಸಿಕ್ಕಿತು. ಅಷ್ಟು ದಿನವೂ ಟೀಚರು ಒಂದಲ್ಲ ಒಂದು ನೆವ ಮಾಡಿಕೊಂಡು ವೈರಿಂಗ್ ಕೋಣೆಯ ಮುಂದೆ ಹಾದುಹೋಗುತ್ತಿದ್ದರು. ಡ್ರೈವರ್ ಮಗಳು ಹೇಗೆ ಎಂದು ವೈರಿಂಗ್ ಮೇಷ್ಟ್ರನ್ನು ಕೇಳಿದರೆ, “ಕೈ ಚುರುಕು ಟೀಚರ್. ಮೊದಲನೇ ದಿನವೇ ಬೋರ್ಡ್ ಜೋಡಿಸಿಬಿಟ್ಲು. ಬಾಯಿಗೆ ಮಾತ್ರ ಬೀಗ,” ಎಂದರು. ಬಾಯಿಗೆ ಬೀಗ ಮೊದಲೂ ಇತ್ತಲ್ಲ, ಹೊಸದೇನು ಎಂದು ಅಜ್ಜಿ ಸಮಾಧಾನ ಹೇಳಿದಳು. ಒಂದು ದಿನ ಹುಡುಗಿಯೇ ವರಾಂಡದಲ್ಲಿ ಎದುರಿಗೆ ಸಿಕ್ಕಳು.

“ಹೇಗಿದೆ ವೈರಿಂಗ್?”

“ಚೆನ್ನಾಗಿದೆ ಟೀಚರ್.”

“ನಿಜವಾಗ್ಲೂ?”

“ಚೆನ್ನಾಗೇ ಇದೆ.”

ಜ್ವರ ಹೇಗಿದೆ ಎಂದು ಕೇಳಿದರೂ ಅದೇ ದನಿಯಲ್ಲಿ ಹೇಳಬಹುದಿತ್ತು ಅವಳು. ಅಥವಾ ಅವಳ ದನಿಯೇ ಹಾಗೋ? ಅಜ್ಜಿ ಆ ಎರಡು ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲಿ ಹಿಂದೆ ಮುಂದೆ ಮಾಡಿ ನೋಡಿದಳು. ಒಂದು ದಿನ ಸಂತೋಷ ಕಂಡರೆ ಮರುದಿನ ಅದೇ ಮಾತಿನಲ್ಲಿ ಸಂಕಟ ಕಾಣುತ್ತಿತ್ತು. ಹುಡುಗಿ ಊಟದ ಬಿಡುವಿನಲ್ಲಿ ಹೊಲಿಗೆ ಕೋಣೆಯ ಕಡೆ ಬರುವುದನ್ನು ನಿಲ್ಲಿಸಿದ್ದಳು. ಅಲ್ಲೇನಿತ್ತು ಬರಲು?

ಕೊನೆಯ ದಿನ ಬುಧವಾರ. ಟೀಚರು ಪುಸ್ತಕವನ್ನು ಹೆಡ್‌ಮಾಸ್ಟರಿಗೆ ಒಪ್ಪಿಸಿ ಬಂದಿದ್ದರು. ಮುಂದಿನ ವರ್ಷ ಮಕ್ಕಳ ಪುಟ ತುಂಬುವ ಕೆಲಸ ಕಂಪ್ಯೂಟರ್ ಮೇಷ್ಟ್ರ ಪಾಲಿಗೆ ಬಿದ್ದಿತ್ತು. ಬಿಡುಗಡೆಯ ಕಾಗದಕ್ಕೆ ಮೊಹರು ಹಾಕಬೇಕಾದ ಗುಮಾಸ್ತರು ಊಟಕ್ಕೆ ಹೋಗಿದ್ದರು. ಟೀಚರು ಬಂದು ಅಜ್ಜಿಯ ಸ್ಟೂಲಿನ ಎದುರು ಮೆಟ್ಟಿಲ ಮೇಲೆ ಕೂತರು. ವೈರಿಂಗ್ ಕೋಣೆಯಿಂದ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಯಾವುದೋ ಬಲ್ಬು ಹತ್ತಿರಬೇಕು, ‘ಹೋ’ ಎಂದರು.

“ಅಕ್ಕ ಏನಂದ್ರು?” ಅಜ್ಜಿ ಕೇಳಿದಳು.

“ನೀನು ಧರ್ಮರಾಯನ ಮೊಮ್ಮಗಳಾ ಅಂದ್ಲು. ಎರಡು ದಿನ ಮಾತು ಬಿಟ್ಟಿದ್ಲು.”

“ಈಗ?”

“ಈಗ ಬೈತಿದಾಳೆ. ಅಂದ್ರೆ ಸರಿಹೋಯ್ತು ಅಂತ.”

ಇಬ್ಬರೂ ಸ್ವಲ್ಪ ನಕ್ಕರು. ಗುಮಾಸ್ತರ ಸೈಕಲ್ಲು ಗೇಟಿನ ಒಳಗೆ ಬಂತು. ಟೀಚರು ಎದ್ದು ಸೀರೆಯ ಧೂಳು ಕೊಡವಿಕೊಂಡು ಎರಡು ಹೆಜ್ಜೆ ಹೋದವರು ನಿಂತರು. ತಿರುಗಿ ಅಜ್ಜಿಯ ಹತ್ತಿರವೇ ಬಂದರು. ಈ ಮಾತನ್ನು ಕೇಳಲೋ ಬೇಡವೋ ಎಂದು ಹದಿನೈದು ದಿನ ಒಳಗೇ ಇಟ್ಟುಕೊಂಡವರ ಹಾಗೆ, ತುಂಬ ಮೆಲ್ಲಗೆ ಕೇಳಿದರು.

“ಅಜ್ಜಿ, ಆವತ್ತು ಆ ಕುರ್ಚೀಲಿ ನಾನಲ್ಲದೆ ಬೇರೆ ಯಾರಾದ್ರೂ ಕೂತಿದ್ರೆ, ಹೊಲಿಗೆಗೂ ತಮಗೂ ಸಂಬಂಧವೇ ಇಲ್ಲದವರು, ಆ ಹುಡುಗಿಗೆ ಏನು ಬರೀತಿದ್ರು?”